ಹೋರಿ ಗುದ್ದಿದ ಬಾಗಿಲು

ನೆಗ್ಗು ಬಿದ್ದ ಪಾತ್ರೆಯನ್ನು ಕಂಡು, ಅದರ ಮೇಲೆ ಒಮ್ಮೆ ಕೈಯಾಡಿಸದೆ ಮುಂದೆ ಹೋದ ಮನುಷ್ಯನನ್ನು ನಾನು ಇನ್ನೂ ನೋಡಿಲ್ಲ. ಕಣ್ಣಿಗೆ ನಿಚ್ಚಳವಾಗಿ ಕಾಣುತ್ತಿದ್ದರೂ ಬೆರಳಿನಿಂದ ಮುಟ್ಟಿ ದೃಢಪಡಿಸಿಕೊಳ್ಳದ ಹೊರತು ನಮಗೆ ಸಮಾಧಾನವಿಲ್ಲ. ಚೊಂಬು ಕೆಳಗೆ ಬಿದ್ದರೆ ಮನೆಯೊಡತಿ ಮೊದಲು ಅದನ್ನೆತ್ತಿ ಸವರುತ್ತಾಳೆ, ಆಮೇಲೆ ಬೀಳಿಸಿದವರನ್ನು ಬೈಯುತ್ತಾಳೆ. ಈ ಕ್ರಮ ತಪ್ಪಿದ್ದನ್ನು ನಾನರಿಯೆ. ಗಣಿತದ ಮೇಷ್ಟ್ರಾಗಿ ವರ್ಷಗಟ್ಟಲೆ ವೃತ್ತ, ಗೋಳಗಳನ್ನು ಕಪ್ಪು ಹಲಗೆಯ ಮೇಲೆ ಬರೆದು ಅಳಿಸಿದ ನನಗೆ ವಕ್ರತೆಯೆಂದರೇನು ಎಂಬ ಜ್ಞಾನೋದಯವಾದದ್ದು ಮಾತ್ರ ಶಾಲೆಯಲ್ಲಲ್ಲ, ದೊಡ್ಡಬಳ್ಳಾಪುರದ ನೇಕಾರರ ಬೀದಿಯಲ್ಲಿ, ಒಂದು ಕಾರಿನ ಬಾಗಿಲ ಮುಂದೆ ಕುಕ್ಕರಗಾಲಿನಲ್ಲಿ ಕೂತಾಗ.

ಎಪ್ಪತ್ತರ ದಶಕದ ಆರಂಭದ ಮಾತು. ಆ ಬೀದಿಯಲ್ಲಿ ಮಗ್ಗವಿಲ್ಲದ ಮನೆ ನಾನು ಬಾಡಿಗೆಗಿದ್ದದ್ದೊಂದೇ; ಕಾರಿದ್ದ ಮನೆ ಎದುರಿನ ರುದ್ರಪ್ಪನವರದೊಂದೇ. ರೇಷ್ಮೆ ಸೀರೆಯ ವ್ಯಾಪಾರಿಯಾದ ರುದ್ರಪ್ಪನವರು ಬೆಂಗಳೂರಿನಲ್ಲಿ ಯಾರೋ ಓಡಿಸಿ ದಣಿದಿದ್ದ ಕರಿಯ ಕಾರೊಂದನ್ನು ತಂದು, ತಾವೇ ಓಡಿಸಲು ಹೋಗಿ ಪುರಸಭೆಯ ನಲ್ಲಿಯನ್ನು ಉರುಳಿಸಿ, ಅಂದಿನಿಂದ ಹಿಂದಿನ ಸೀಟಿಗೆ ನಿವೃತ್ತರಾಗಿದ್ದರು. ಚಾಲಕನ ಸ್ಥಾನ ನನಗೆ ದಕ್ಕಿತು. ನಾನು ಕಲಿತದ್ದು ಸೋದರಮಾವನ ಲಾರಿಯಲ್ಲಾದ್ದರಿಂದ, ಆ ಬಡಪಾಯಿ ಕಾರನ್ನು ಹತ್ತು ಟನ್ ಇಟ್ಟಿಗೆ ಹೇರಿದ ಗಾಂಭೀರ್ಯದಲ್ಲಿ ತಿರುಗಿಸುತ್ತಿದ್ದೆ. ಕಾರು ಅವರದು, ಸ್ಟೀರಿಂಗು ನನ್ನದು, ಪ್ರಯಾಣ ಇಡೀ ಬೀದಿಯದು. ಜ್ವರ ನೆತ್ತಿಗೇರಿದವರು, ಹಾವು ಕಚ್ಚಿದವರು, ಹೆರಿಗೆಯ ಹೆಂಗಸರು, ಎಲ್ಲರೂ ಅದರಲ್ಲಿ ಬೆಂಗಳೂರಿಗೆ ಹೋಗಿ ಬಂದವರೇ.

ಪಕ್ಕದ ಮನೆಯ ನಂಜಮ್ಮನ ಸೊಸೆ ಗೌರಿಗೆ ಮೊದಲ ಹೆರಿಗೆಯಲ್ಲಿ ಗಾಡಿ ಸಿಗುವುದು ತಡವಾಗಿ ಮಗು ಉಳಿದಿರಲಿಲ್ಲ. ರುದ್ರಪ್ಪನವರು ಕಾರು ಕೊಂಡದ್ದು ಅದಾದ ಮೇಲೆ. ಕಾರಣವನ್ನು ಅವರೆಂದೂ ಹೇಳಲಿಲ್ಲ, ನಾವೂ ಕೇಳಲಿಲ್ಲ. ಈಗ ಗೌರಿಗೆ ಮತ್ತೆ ದಿನ ತುಂಬಿತ್ತು. ನೋವು ಶುರುವಾದೊಡನೆ ಬೆಂಗಳೂರಿಗೆ ಕರೆತರಬೇಕೆಂದು ಡಾಕ್ಟರು ಕಟ್ಟಪ್ಪಣೆ ಮಾಡಿದ್ದರು.

ಇತ್ತ ರುದ್ರಪ್ಪನವರ ಮಗ ಶಿವಣ್ಣನಿಗೆ ಕಾರನ್ನು ಮಾರಿ ಇನ್ನೊಂದು ಪವರ್‌ಲೂಮ್ ಹಾಕುವ ಆಸೆ. ಊರವರ ಉಪಕಾರಕ್ಕೆ ಓಡಿ ಓಡಿ ಗಾಡಿ ಹಾಳಾಗುತ್ತಿದೆ ಎಂಬುದು ಅವನ ವಾದ, ಸುಳ್ಳೇನಲ್ಲ. ಒಂದು ದಿನ ಜಗುಲಿಯ ಮೇಲೆ ತಂದೆ ಮಗನಿಗೆ ಮಾತು ಕೊಟ್ಟುಬಿಟ್ಟರು: "ಆಯ್ತು ಕಣೋ, ಇನ್ನೊಂದು ನೆಗ್ಗು ಬೀಳ್ಲಿ, ಮಾರಿಬಿಡೋಣ." ಮಗ್ಗಗಳ ಲಟಪಟ ಸದ್ದಿನ ನಡುವೆ ಪಕ್ಕದಲ್ಲಿ ಕೂತವರ ಮಾತೇ ಕೇಳಿಸದ ನಮ್ಮ ಬೀದಿಯಲ್ಲಿ ಈ ಮಾತು ಮಾತ್ರ ಎರಡೂ ತುದಿಯ ಮನೆಗಳಿಗೆ ಕೇಳಿಸಿತು. ರುದ್ರಪ್ಪನವರು ಕೊಟ್ಟ ಮಾತಿಗೆ ತಪ್ಪುವವರಲ್ಲ ಎಂಬುದೇ ನಮ್ಮ ಭಯವಾಗಿತ್ತು.

ತಂದೆ ಮಗ ಇಬ್ಬರೂ ಧರ್ಮಾವರದ ಕಡೆ ಮದುವೆಗೆ ಹೋಗಿದ್ದರು; ಸೋಮವಾರ ಬೆಳಗಿನ ರೈಲಿಗೆ ಬರುವವರಿದ್ದರು. ಬರುವಷ್ಟರಲ್ಲಿ ಗಾಡಿ ಲಕಲಕ ಎನ್ನಲೆಂದು ಭಾನುವಾರ ಬೆಳಗ್ಗೆ ನಾನು ಅದನ್ನು ತೊಳೆದು, ಮೇಣ ಹಚ್ಚಿ, ಹಳೇ ಪಂಚೆಯಿಂದ ತಿಕ್ಕಿದೆ. ನನ್ನ ಮುಖ ಕನ್ನಡಿಯಲ್ಲಿ ಕಾಣುವುದಕ್ಕಿಂತ ಚೆನ್ನಾಗಿ ಬಾಗಿಲಲ್ಲಿ ಕಂಡಿತು. ಇದೇ ಅನರ್ಥಕ್ಕೆ ಮೂಲ. ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಗೆ ಹೋಗುವ ಹೋರಿಗಳು ನಮ್ಮ ಬೀದಿಯಲ್ಲೇ ಹಾಯುವ ಕಾಲ ಅದು. ಕೊಂಬಿಗೆ ಬಣ್ಣ ಬಳಿಸಿಕೊಂಡ ಹೋರಿಯೊಂದು ಕಾರಿನ ಪಕ್ಕ ಬಂದು ನಿಂತು, ಬಾಗಿಲೊಳಗೆ ತನ್ನಷ್ಟೇ ಸೊಕ್ಕಿನ ಮತ್ತೊಂದು ಹೋರಿಯನ್ನು ಕಂಡು, ಹಣೆಯಿಂದ ಒಂದೇ ಒಂದು ಗುದ್ದು ಗುದ್ದಿತು. ಹಗ್ಗ ಹಿಡಿದಿದ್ದ ರೈತ ಕೈಮುಗಿದ: "ಅದ್ರದ್ದೇನ್ ತಪ್ಪು ಸ್ವಾಮಿ, ಎದುರ್ಗೆ ಇನ್ನೊಂದು ಹೋರಿ ನಿಂತಿದ್ರೆ ಸುಮ್ನಿರ್ತದಾ?" ಮುದ್ದೆಯ ನಡುವೆ ಸಾರಿಗೆ ಗುಳಿ ಮಾಡುತ್ತೇವಲ್ಲ, ಬಾಗಿಲ ಮಧ್ಯೆ ಅಂಥದೊಂದು ನೆಗ್ಗು ಬಿದ್ದಿತ್ತು.

ಮಗ್ಗಗಳು ಒಂದೊಂದಾಗಿ ನಿಂತವು. ಬೀದಿಯೆಲ್ಲ ಬಂದು ನೆಗ್ಗಿನ ಮೇಲೆ ಕೈಯಾಡಿಸಿತು. ಹಾಗೇ ಬಿಟ್ಟರೆ ನಾಳೆ ತಂದೆ ಮಗ ಬಂದೊಡನೆ, ಕೊಟ್ಟ ಮಾತಿನಂತೆ, ಕಾರು ಮಾರಾಟ; ಬೆಂಗಳೂರಿನ ಗ್ಯಾರೇಜಿಗೆ ಬಿಟ್ಟರೆ ವಾರ ಬೇಕು. ಗೌರಿಯ ನೋವು ವಾರ ಕಾಯುತ್ತದೆಂದು ಹೇಳಬಲ್ಲವರು ಯಾರು? ಅವಳು ಹೊಸ್ತಿಲಲ್ಲಿ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ನಿಂತಿದ್ದಳು.

"ಬಿಂದಿಗೆ ನೆಗ್ಗಿದ್ರೆ ತಟ್ಕೊಳಲ್ವಾ? ಇದೂ ಅಷ್ಟೇ ಬನ್ನಿ ಮೇಷ್ಟ್ರೇ" ಎಂದರು ನಂಜಮ್ಮ. ಬಾಗಿಲ ಒಳಮೈಯ ಹಲಗೆಯನ್ನು ಬಿಚ್ಚಿದೆ. ಮುಂದಿನದಕ್ಕೆ ತಲೆಗೊಂದು ಸಿದ್ಧಾಂತ. ಒಬ್ಬರು ಹಂಡೆಯ ಬಿಸಿನೀರು ಸುರಿದರು. ಬಾಗಿಲಿಗೆ ಅಭ್ಯಂಜನವಾಯಿತು, ನೆಗ್ಗು ಕದಲಲಿಲ್ಲ. ನಾನು ವಿಜ್ಞಾನವನ್ನು ಸ್ಮರಿಸಿ ಕುಟ್ಟಾಣಿಯಿಂದ ಒಳಗಿನಿಂದ ನಟ್ಟನಡುವೆ ಬಲವಾಗಿ ಬಾರಿಸಿದೆ; ಗುಳಿಯ ಮಧ್ಯೆ ಒಂದು ಗುಬುಟು ಎದ್ದು, ಒಂದಿದ್ದ ಸಮಸ್ಯೆ ಎರಡಾಯಿತು. ಕೊನೆಗೆ ಎಲ್ಲರ ತಪ್ಪುಗಳೂ ಸೇರಿ ಒಂದು ಉಪಾಯವಾಯಿತು. ಹೊರಗಿನಿಂದ ರಾಗಿ ತುಂಬಿದ ಚೀಲವನ್ನು ಇಬ್ಬರು ಒತ್ತಿ ಹಿಡಿದರು. ಒಳಗಿನಿಂದ ನಾನು ಸವೆದು ನುಣುಪಾಗಿದ್ದ ಹಳೆಯ ಲಾಳಿಯೊಂದನ್ನು ತಗಡಿಗಾನಿಸಿ, ಅಂಚಿನಿಂದ ಸುತ್ತುತ್ತ ಸುತ್ತುತ್ತ, ನಿದ್ದೆಗೆಟ್ಟ ಕೂಸನ್ನು ತಟ್ಟುವಂತೆ ಮೆಲ್ಲನೆ ತಟ್ಟಿದೆ. ನೂಲನ್ನು ಹೊತ್ತು ಮಗ್ಗದಲ್ಲಿ ಅತ್ತಿಂದಿತ್ತ ಓಡಾಡಿದ ಲಾಳಿ ಅದು. ತಗಡಿಗೆ ಒಂದು ಗೀರೂ ಬೀಳಲಿಲ್ಲ. ಕೈ ಸೋತಾಗ ಇನ್ನೊಬ್ಬರು ಕೂತರು, ಅವರಾದ ಮೇಲೆ ಮತ್ತೊಬ್ಬರು. ಮಧ್ಯಾಹ್ನದ ಹೊತ್ತಿಗೆ ಗುಳಿ ಏರಿ ಏರಿ ಬಾಗಿಲಿಗೆ ಸಮನಾಯಿತು. ಆ ದಿನ ನೇಯದೆ ಬಿಟ್ಟ ಸೀರೆಗಳ ಮಾತನ್ನು ಯಾರೂ ಎತ್ತಲಿಲ್ಲ.

ವಿಜಯೋತ್ಸಾಹದಲ್ಲಿ ನಾನು ಊಟಕ್ಕೆ ಹೋಗಿದ್ದೇ ಎಡವಟ್ಟಾಯಿತು. ನೆಗ್ಗು ತೆಗೆದ ಬಿಂದಿಗೆಯನ್ನು ಬೆಳಗದೆ ಒಳಗಿಡುವುದು ನಮ್ಮ ಹೆಂಗಸರ ಸಂಪ್ರದಾಯದಲ್ಲಿಲ್ಲ. ತಿರುಗಿ ಬರುವಷ್ಟರಲ್ಲಿ ನಂಜಮ್ಮ ಹುಣಸೆಹಣ್ಣು, ಇಟ್ಟಿಗೆ ಪುಡಿ ಹಾಕಿ ಬಾಗಿಲನ್ನು ಶ್ರದ್ಧೆಯಿಂದ ತಿಕ್ಕಿ, ಪೆಟ್ಟು ತಿಂದು ಸಡಿಲಾಗಿದ್ದ ಬಣ್ಣವನ್ನೆಲ್ಲ ಎಬ್ಬಿಸಿದ್ದರು. ಕರಿಯ ಕಾರಿನ ಹೊಟ್ಟೆಯ ಮೇಲೆ ಬಿಳಿಯ ತಗಡು ಪಳಪಳ ಹೊಳೆಯುತ್ತಿತ್ತು. ನನ್ನ ಮುಖ ನೋಡಿದ್ದೇ ನಂಜಮ್ಮನಿಗೆ ಅರ್ಥವಾಯಿತು. ಒಳಗೆ ಹೋಗಿ, ಪುಟ್ಟ ಭರಣಿಯೊಂದನ್ನು ತಂದು, ಅದರಲ್ಲಿದ್ದ ಕಾಡಿಗೆಯನ್ನೆಲ್ಲ ಬೆರಳಿನಿಂದ ಬಗೆದು ಬಾಗಿಲಿಗೆ ಬಳಿದರು. ದೂರದಿಂದ ನೋಡಿದರೆ ಪರವಾಗಿಲ್ಲ ಎನಿಸಿತು. ಇನ್ನಷ್ಟು ದೂರದಿಂದಾದರೆ ಇನ್ನೂ ಚೆನ್ನ.

ಮರುದಿನ ಬೆಳಗ್ಗೆ ತಂದೆ ಮಗ ಜಟಕಾದಿಂದ ಇಳಿದರು. ಶಿವಣ್ಣನ ಕಣ್ಣು ನೇರ ಬಾಗಿಲಿಗೇ ಹೋಯಿತು. "ಏನಪ್ಪಾ ಇದು! ನೋಡ್ದಾ? ಬಿತ್ತಲ್ಲ ಇನ್ನೊಂದು!" ಹೋರಿಯ ಕಥೆಯನ್ನು ನಾನು ಒಂದೇ ಉಸಿರಿಗೆ ಹೇಳಿ ಮುಗಿಸಿದೆ. ರುದ್ರಪ್ಪನವರು ಬಾಗಿಲ ಮೇಲೆ ಕೈಯಾಡಿಸಿದರು, ಮೇಲಿನಿಂದ ಕೆಳಕ್ಕೆ, ಅಂಚಿನಿಂದ ನಡುವಿಗೆ. ಅಂಗೈ ಕಪ್ಪಾಯಿತು. ಅದನ್ನು ಮೂಗಿನ ಹತ್ತಿರ ಹಿಡಿದರು. ಹರಳೆಣ್ಣೆಯ ವಾಸನೆ.

"ಕೂಸಿಗೆ ಅಂತ ಮಾಡಿಟ್ಟಿದ್ದಾ, ನಂಜಮ್ಮ?"

ನಂಜಮ್ಮ ಸೆರಗನ್ನು ಬಾಯಿಗೊತ್ತಿಕೊಂಡು ತಲೆಯಾಡಿಸಿದರು. ಹುಟ್ಟುವ ಮೊದಲೇ ಏನನ್ನೂ ಸಿದ್ಧಮಾಡಬಾರದೆಂಬ ಶಾಸ್ತ್ರವಿದ್ದರೂ, ಮೊದಲನೆಯದನ್ನು ಕಳೆದುಕೊಂಡ ಮನೆಯಲ್ಲಿ, ಯಾರಿಗೂ ತಿಳಿಯದಂತೆ ದೀಪದ ಮಸಿ ಹಿಡಿದು ಮಾಡಿಟ್ಟ ಕಾಡಿಗೆ ಅದು.

ರುದ್ರಪ್ಪನವರು ಮಗನ ಕೈಯನ್ನು ಹಿಡಿದು ಬಾಗಿಲ ಮೇಲಿಟ್ಟರು. "ಕಣ್ಮುಚ್ಕೊಂಡು ಸವರಿ ನೋಡು. ನೆಗ್ಗೆಲ್ಲೈತೆ ಹೇಳು? ಬಣ್ಣ ಹೋದ್ರೆ ಮಾರ್ತೀನಿ ಅಂತ ನಾನೆಲ್ಲಿ ಅಂದಿದ್ದೆ?" ಶಿವಣ್ಣ ಸವರಿದ. ಬಹಳ ಹೊತ್ತು ಸವರಿದ. ಆಮೇಲೆ ಕಪ್ಪಾದ ತನ್ನ ಕೈಯನ್ನೇ ನೋಡುತ್ತ ನಿಂತ.

ಅದೇ ಸಂಜೆ ಗೌರಿಗೆ ನೋವು ಬಂತು. ನಾನು ಅಂಗಿ ತೊಟ್ಟು ಹೊರಬರುವಷ್ಟರಲ್ಲಿ ಕಾರಿನ ಬಾಗಿಲು ತೆರೆದಿತ್ತು. ತನ್ನ ಮನೆಯ ದಿಂಬುಗಳನ್ನು ಹಿಂದಿನ ಸೀಟಿಗೆ ಒಟ್ಟುತ್ತಿದ್ದವನು ಶಿವಣ್ಣ. ಗೌರಿ, ನಂಜಮ್ಮ ಹಿಂದೆ ಕೂತರು. ಅವನು ಮುಂದೆ ನನ್ನ ಪಕ್ಕದಲ್ಲಿ ಕೂತ. ಊರು ದಾಟಿದ ಮೇಲೆ ಎದುರಿಗೆ ದನಗಳ ಹಿಂಡು ಸಿಕ್ಕಿತು. ಹಿಂದಿನ ದಿನದ ಪಾಠ ನೆನಪಿದ್ದ ನಾನು ಗಾಡಿಯನ್ನು ಆಮೆಯ ನಡಿಗೆಗೆ ಇಳಿಸಿದೆ. ಹಿಂದಿನಿಂದ ಗೌರಿಯ ನರಳಾಟ ಕೇಳಿಸಿತು. ಶಿವಣ್ಣ ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿ, ಕೈಬೀಸಿ ದನಗಳನ್ನು ಅಟ್ಟುತ್ತ ಕೂಗಿದ:

"ನುಗ್ಸಿ ಮೇಷ್ಟ್ರೇ! ಗಾಡಿ ನೆಗ್ಗಿದ್ರೆ ನೆಗ್ಲಿ, ನಾಳೆ ನಾನೇ ಕೂತು ತಟ್ತೀನಿ!"