ಹತ್ತು ಎಣಿಸುವಷ್ಟು ಬೆಳಕು

ಅಪ್ಪ ತೀರಿಕೊಂಡಾಗ ನಾನು ಮೈಸೂರಿನಲ್ಲಿ ಬಿ.ಎ. ಓದುತ್ತಿದ್ದೆ. ಬೆಳಿಗ್ಗೆ ಹಂಪಾಪುರದ ಮನೆ ಸೇರುವಷ್ಟರಲ್ಲಿ ಅವರನ್ನು ನಮ್ಮವರ ಪದ್ಧತಿಯಂತೆ ನಡುಮನೆಯ ಗೋಡೆಗೆ ಒರಗಿಸಿ ಕೂರಿಸಿದ್ದರು. ಹಣೆಗೆ ವಿಭೂತಿ, ಅಂಗೈಯಲ್ಲಿ ಲಿಂಗ. ತಲೆ ವಾಲದಂತೆ ಬಿಳಿ ಬಟ್ಟೆ ಸುತ್ತಿ ಗೋಡೆಯ ಗೂಟಕ್ಕೆ ಬಿಗಿದಿದ್ದರು. ಅವ್ವ ನನ್ನ ಕೈಯನ್ನು ಅಪ್ಪನ ಎದೆಯ ಮೇಲಿಟ್ಟಳು.

“ಓದ್ದೋನು ನೀನು, ನೋಡಿ ಯೋಳು. ಮೈ ಇನ್ನೂ ಬೆಚ್ಚಗದೆ ಕಣ್ ಮಗ.”

ನಾಡಿ ಹಿಡಿದೆ. ನಾನು ಓದುತ್ತಿದ್ದುದು ಇತಿಹಾಸ. ಆದರೂ ಎಲ್ಲರೂ ನನ್ನ ಬಾಯಿಯನ್ನೇ ನೋಡುತ್ತಿದ್ದರು. “ಇಲ್ಲವ್ವ” ಎಂದೆ. ಎಷ್ಟು ಹೊತ್ತು ಹಿಡಿದಿದ್ದೆನೋ, ಈಗ ಆಣೆ ಇಟ್ಟು ಹೇಳಲಾರೆ.

ಅಪ್ಪನದು ಒಂದೂ ಫೋಟೋ ಇರಲಿಲ್ಲ. ಅವ್ವನ ಹಟಕ್ಕೆ ಹುಣಸೂರಿನಿಂದ ಫೋಟೋದವನನ್ನು ಕರೆಸಿದ್ದರು. ಅವನು ಮಧ್ಯಾಹ್ನ ಬಂದು ನಡುಮನೆಯ ಮಬ್ಬು ನೋಡಿ ತಲೆಯಾಡಿಸಿದ.

“ಜಗುಲಿಗೆ ತಂದ್ಬುಡಿ. ಇಲ್ಲಿ ಬೆಳಕು ಸಾಲಲ್ಲ.”

“ಕೂರ್ಸಿದ್ ಮ್ಯಾಲೆ ಎತ್ತಂಗಿಲ್ಲ” ಎಂದರು ದೊಡ್ಡಪ್ಪ. “ಇನ್ನೆತ್ತೋದು ಗುಂಡಿಗೇಯ.”

“ಅಂಗಾರೆ ಬೆಳಕಿಗೆ ಮದ್ದಿನ್ ಪುಡಿ ಉರಿಸ್ಬೇಕಾಯ್ತದೆ. ಸೂರಿಗೆ ಕಿಡಿ ತಾಗಿದ್ರೆ ನನ್ ಕೇಳ್ಬ್ಯಾಡಿ.”

ಕೊನೆಗೆ ಎರಡೂ ಆಗಲಿ ಎಂದಾಯಿತು. ಮೊದಲು ಬಾಗಿಲ ಬೆಳಕಿನಲ್ಲೇ ಲೆನ್ಸಿನ ಮುಚ್ಚಳ ತೆಗೆದು ಹತ್ತು ಎಣಿಸುವುದು, ಆಮೇಲೆ ಪುಡಿ.

“ಹತ್ತಾಗೋಗಂಟ ಯಾರೂ ಅಲ್ಲಾಡ್ಬ್ಯಾಡಿ. ಯಜಮಾನ್ರನ್ನ ನೋಡಿ ಕಲೀರಿ.”

ಯಾರೋ ಕಿಸಕ್ಕೆಂದರು. ದೊಡ್ಡಪ್ಪ ಗದರಿದರು. ನಾವು ಅಪ್ಪನ ಎರಡೂ ಕಡೆ, ನಾನು ಅವ್ವನ ಪಕ್ಕ, ಉಸಿರು ಹಿಡಿದು ನಿಂತೆವು. ಎರಡನೆಯ ಸಲ ತಟ್ಟೆಯ ಪುಡಿ ಭಗ್ಗೆಂದು ಹೊತ್ತಿ, ಬಿಳಿ ಹೊಗೆಯಲ್ಲಿ ಎಲ್ಲರೂ ಕೆಮ್ಮಿದೆವು. ಸಂಜೆಗೆ ಮಣ್ಣಾಯಿತು.

ಕೆಲವು ದಿನಗಳ ಮೇಲೆ ಹುಣಸೂರಿಗೆ ಹೋದೆ. ಪುಡಿಯ ಬೆಳಕಿನ ಫೋಟೋದಲ್ಲಿ ನಾವೆಲ್ಲ ಬೆಚ್ಚಿ ಕಣ್ಣು ಮುಚ್ಚಿದ್ದೆವು. ನಮ್ಮ ಹಿಂದೆ ಕಡುಗಪ್ಪು ನೆರಳು. ಅಪ್ಪನ ಕಣ್ಣು ಮಾತ್ರ ಅರೆತೆರೆದಿತ್ತು. ಇನ್ನೊಂದರಲ್ಲಿ ಬಾಗಿಲಿನಿಂದ ಮೆತ್ತನೆಯ ಬೆಳಕು ಬಿದ್ದಿತ್ತು. ಅವ್ವನ ಸೀರೆಯ ಅಂಚಿನ ಗೀಟು ಕೂಡ ಸ್ಪಷ್ಟ. ಅಪ್ಪನ ಅಂಗೈ, ಲಿಂಗ ಸ್ಪಷ್ಟ. ಮುಖ ಮಾತ್ರ ಕಲಸಿಹೋಗಿತ್ತು, ಅವ್ವನ ಕಡೆಗೆ ಒಂದಿಷ್ಟು ತಿರುಗಿದಂತೆ.

“ಬಟ್ಟೆ ಸಡ್ಲಾಗಿರ್ಬೇಕು ಕಣ್ರೀ, ತಲೆ ಜಾರ್ಬುಟ್ಟದೆ” ಎಂದ ಫೋಟೋದವನು.

“ನೀವು ನೋಡಿದ್ರಾ?”

“ನಾನು ಗಡಿಯಾರ ನೋಡ್ತಿದ್ದೆ.”

ಅಪ್ಪನನ್ನು ಹೊರಡಿಸುವಾಗ ಗೂಟದ ಗಂಟು ಬಿಚ್ಚಲಾಗದೆ ಬಟ್ಟೆಯನ್ನು ಕುಡುಗೋಲಿನಿಂದ ಕೊಯ್ದರೆಂದು ನನಗೆ ನೆನಪು. ಆ ನೆನಪು ಫೋಟೋ ನೋಡುವ ಮೊದಲೇ ಇತ್ತೋ, ಆಮೇಲೆ ಹುಟ್ಟಿತೋ ತಿಳಿಯದು. ಅಂದಿನ ದಿನಚರಿಯಲ್ಲಿ ಇರುವುದು ಇಷ್ಟೇ: “ಫೋಟೋ ಸಿಕ್ಕಿತು. ಒಂದು ಚೆನ್ನಾಗಿದೆ.”

ಪುಡಿಯ ಬೆಳಕಿನದನ್ನು ಮಾತ್ರ ಅವ್ವನಿಗೆ ಕೊಟ್ಟೆ. ಅವಳು ಅದನ್ನು ಬಾಗಿಲ ಬಳಿ ಹಿಡಿದು ಬಹಳ ಹೊತ್ತು ನೋಡಿದಳು.

“ಇದ್ರಲ್ಲಿ ನಾವೇ ಸತ್ತಂಗದೆ. ಇನ್ನೊಂದೆಲ್ಲಿ?”

“ಕೆಟ್ಟೋಯ್ತವ್ವ. ಅಲ್ಲಾಡಿದ್ರಂತೆ.”

“ಯಾರು?”

“ನಾನೇ.”

ಅವ್ವ ಫೋಟೋದಿಂದ ಕಣ್ಣೆತ್ತಲಿಲ್ಲ.

“ನೀನು ನನ್ ಕೈ ಇಡ್ಕೊಂಡಿದ್ದೆ” ಎಂದಳು. “ನೀನು ಅಲ್ಲಾಡ್ನಿಲ್ಲ.”