ಪಕ್ಕದ ತೋಟದ ಮಳೆ

ನಿರಂಜನ ತೀರಿಕೊಂಡು ಇನ್ನೂ ವರ್ಷ ತುಂಬಿಲ್ಲ. ಹೃದಯಾಘಾತ, ಅದೂ ಮಾತಾಡುತ್ತ ಕೂತಿದ್ದಾಗಲೇ. ಮೂಡಿಗೆರೆಯ ಬೆಳೆಗಾರರ ಸಂಘದಲ್ಲಿ ಅವನು ಏನು ಮಾಡುತ್ತಿದ್ದ ಎಂದು ಕೇಳಿದರೆ ಬಹಳ ಜನ "ಕಂಪ್ಯೂಟರ್ ನೋಡ್ಕೊಳ್ತಿದ್ದ" ಎನ್ನುತ್ತಾರೆ. ಅದೇನೂ ಸುಳ್ಳಲ್ಲ. ಆದರೆ ಹೇಗೆ ನೋಡಿಕೊಳ್ಳುತ್ತಿದ್ದ ಎಂಬುದನ್ನು ಹತ್ತಿರದಿಂದ ಕಂಡವನು ಶಶಿಧರ್. ಸಂಘದ ಪಂಪ್‌ಸೆಟ್ಟು, ಪೈಪು, ಸ್ಪ್ರಿಂಕ್ಲರುಗಳು ಅವನ ಸುಪರ್ದಿನಲ್ಲಿದ್ದವು. ಇಬ್ಬರೂ ಚಿಕ್ಕಮಗಳೂರಿನ ಕಾಲೇಜಿನಿಂದಲೇ ಗೆಳೆಯರು.

ನಿರಂಜನ ಹೊರನಾಡಿನ ಕಡೆಯ ಶಾಲಾ ಮಾಸ್ತರರ ಮಗ. ಅಪ್ಪನ ಸ್ವಭಾವಕ್ಕೆ ತದ್ವಿರುದ್ಧ. ಅವರು ಅಳೆದು ತೂಗಿ ಮಾತಾಡುವವರು, ಇವನದು ಕುದಿಯುವ ಹಾಲು. ಖುಷಿಯಾದರೆ ಕುರ್ಚಿಯಲ್ಲಿ ಕೂರಲಾಗುತ್ತಿರಲಿಲ್ಲ. ಸರ್ವರ್ ಕೋಣೆಯೆಂದರೆ ಹಿಂದೆ ಗಿಡಗಳಿಗೆ ಹೊಡೆಯುವ ಔಷಧಿಯ ಡಬ್ಬಗಳನ್ನಿಡುತ್ತಿದ್ದ ಕೋಣೆ. ಎಷ್ಟು ತೊಳೆದರೂ ವಾಸನೆ ಹೋಗಿರಲಿಲ್ಲ. ಬೆಳಿಗ್ಗೆ ಬಂದವನೇ ಚಪ್ಪಲಿ ಬಿಟ್ಟು ಒಳಗೆ ನುಗ್ಗುತ್ತಿದ್ದ. ರಾತ್ರಿಯ ಬ್ಯಾಕಪ್ ಸರಿಯಾಗಿ ಮುಗಿದಿದೆಯೆ, ಡಿಸ್ಕಿನಲ್ಲಿ ಜಾಗ ಎಷ್ಟು ಉಳಿದಿದೆ, ಯಾವ ಕೆಲಸ ಅರ್ಧಕ್ಕೆ ನಿಂತಿದೆ ಎಂದು ನೋಡುವುದು. ತೋಟದ ಲೆಕ್ಕ ಬರೆಯುವ ರೈಟರುಗಳಲ್ಲಿ ಬಿಟ್ಟುಹೋದವರ ಪಾಸ್‌ವರ್ಡ್ ತೆಗೆಯುವುದು, ಹೊಸದಾಗಿ ಬಂದವರಿಗೆ ಕೊಡುವುದು. ಶನಿವಾರ ಬಂತೆಂದರೆ ಮೂಲೆಯ ಹಳೇ ಮೆಷಿನ್ ಒಂದಕ್ಕೆ ಆ ವಾರದ ಬ್ಯಾಕಪ್ಪನ್ನು ಪೂರ್ತಿ ಇಳಿಸಿ, ಎಲ್ಲ ನೆಟ್ಟಗೆ ತೆರೆದುಕೊಳ್ಳುತ್ತದೆಯೆ ಎಂದು ಪರೀಕ್ಷಿಸುವುದು.

"ಇದೆಲ್ಲ ಯಾಕೋ? ಬ್ಯಾಕಪ್ ಅಂತೂ ಇದೆಯಲ್ಲ" ಎಂದು ಶಶಿಧರ್ ಒಮ್ಮೆ ಕೇಳಿದ್ದ.

"ಬೀಜ ಇದೆ ಅಂದ್ರೆ ಸಾಕಾ ಮಾರಾಯ? ಮೊಳಕೆ ಬರ್ತದಾ ಅಂತ ನೋಡೋದು ಬೇಡ್ವಾ?"

ಅವನು ಮಾಡಿದ ಕೆಲಸಗಳಲ್ಲೆಲ್ಲ ಅವನಿಗೇ ಹೆಚ್ಚು ಪ್ರೀತಿಯದು ಮಳೆಯ ಲೆಕ್ಕ. ಕಾಫಿ ಬೆಳೆಯುವವರಿಗೆ ಬೇಸಿಗೆಯ ಮೊದಲ ಹೂಮಳೆ ಎಂದರೆ ಏನೆಂದು ಇಲ್ಲಿ ಯಾರಿಗೂ ಹೇಳಿಕೊಡಬೇಕಿಲ್ಲ. ಚೆನ್ನಾಗಿ ಬಿದ್ದರೆ ವರ್ಷದ ಬೆಳೆ ಕೈಗೆ ಬಂದ ಹಾಗೆ. ಬೀಳದೇ ಹೋದರೆ ಇನ್ನೊಂದಿಷ್ಟು ದಿನ ಕಾಯಬಹುದು. ಅರೆಬರೆ ಬಿದ್ದರೇ ಕೇಡು; ಮೊಗ್ಗು ಎಚ್ಚರವಾಗುತ್ತದೆ, ಅರಳಲು ನೀರು ಸಾಲದೆ ಕಮರುತ್ತದೆ. ಆಗ ತಡಮಾಡದೆ ಸ್ಪ್ರಿಂಕ್ಲರಿನಲ್ಲಿ ಉಳಿದ ನೀರು ಕೊಡಬೇಕು. ದೊಡ್ಡ ಎಸ್ಟೇಟಿನವರ ಹತ್ತಿರ ಸ್ವಂತ ಪಂಪಿರುತ್ತದೆ. ಸಣ್ಣವರಿಗೆ ಸಂಘದ ಪಂಪುಗಳೇ ಗತಿ, ಅವು ನಾಲ್ಕೇ ನಾಲ್ಕು.

ಮೊದಲೆಲ್ಲ ಯಾರ ಫೋನು ಮೊದಲು ಬಂತೋ ಅವರಿಗೆ ಪಂಪು. ಮೊದಲು ಬರುತ್ತಿದ್ದುದು ಯಾರ ಫೋನು ಎಂಬುದೂ ಎಲ್ಲರಿಗೂ ಗೊತ್ತಿತ್ತು. ಸ್ವಂತ ಪಂಪಿದ್ದವರೂ "ಒಂದು ಹೆಚ್ಚಿಗೆ ಇರಲಿ" ಎಂದು ಕೇಳಿ ಒಯ್ಯುತ್ತಿದ್ದರು. ನಿರಂಜನ ಎರಡು ವರ್ಷ ಮೀಟಿಂಗುಗಳಲ್ಲಿ ಗುದ್ದಾಡಿ ಹೊಸ ಕ್ರಮ ತಂದ. ಮಳೆ ನಿಂತ ಕೂಡಲೇ ಪ್ರತಿಯೊಬ್ಬ ಸದಸ್ಯನೂ ಮಳೆ ಅಳೆಯುವ ರೇನ್‌ಗೇಜ್ ನೋಡಿ ಮೊಬೈಲಿನಲ್ಲಿ ಅಂಕಿ ಹಾಕಬೇಕು. ಮಳೆ ಬಿದ್ದೂ ಅರ್ಧ ಇಂಚು, ಅಂದರೆ ಐವತ್ತು ಸೆಂಟ್ಸ್, ಮುಟ್ಟದಲ್ಲಿಗೆ ಮೊದಲು ಪಂಪು. ಅಧ್ಯಕ್ಷ ಬೆಳ್ಳಿಯಪ್ಪನವರು ಒಪ್ಪಿದರು, ಆದರೆ ಒಂದು ಷರತ್ತು ಹಾಕಿ: "ಒಂದು ಹೂಮಳೆಗೆ ನೋಡುವ. ಕತ್ತಲಾಗೋದರೊಳಗೆ ನಿಮ್ಮ ಲೆಕ್ಕ ಬಂದರೆ ಸರಿ. ಇಲ್ಲದಿದ್ದರೆ ಹಳೇ ಕ್ರಮವೇ ಖಾಯಂ."

ಕಳೆದ ವರ್ಷದ ಹೂಮಳೆ ಬಂದದ್ದು ಮಧ್ಯಾಹ್ನದ ಊಟದ ಹೊತ್ತಿಗೆ. ಕಳಸದ ದಿಕ್ಕಿನಿಂದ ಗುಡುಗುತ್ತ ಬಂತು. ಮಣ್ಣಿನ ವಾಸನೆ ಏಳುತ್ತಿದ್ದ ಹಾಗೆ ನಿರಂಜನ ಕೈ ಕೂಡ ತೊಳೆಯದೆ ಅಂಗಳಕ್ಕೆ ಓಡಿ, ನೆನೆದು, ಕುಣಿಯುತ್ತ ಒಳಗೆ ಬಂದ. "ಶಶಿ, ಬಂತು ಕಣೋ! ಈಗ ನೋಡು, ಇಡೀ ಸೀಮೆಯ ಮಳೆ ನಮ್ಮ ಪರದೆ ಮೇಲೆ ಬೀಳ್ತದೆ!"

ಮಳೆ ನಿಂತಿತು. ಮೊದಲ ಕೆಲವು ಅಂಕಿಗಳು ಬಂದವು. ಆಮೇಲೆ ಪರದೆ ಕಲ್ಲಾಯಿತು.

ನಿರಂಜನ ಆ್ಯಪ್ ಸರ್ವರನ್ನು ನಿಲ್ಲಿಸಿ ಮತ್ತೆ ಹಚ್ಚಿದ. ಚೂರು ಹೊತ್ತು ಓಡಿ ಮತ್ತೆ ಕೂತಿತು. ಇನ್ನೊಮ್ಮೆ ಹಚ್ಚಿದ. ಮತ್ತೆ ಅದೇ. ಹೊರಗೆ ಪಿಕಪ್ಪಿನಲ್ಲಿ ಪಂಪುಗಳನ್ನು ಹೇರಿ ಕಾಯುತ್ತಿದ್ದ ಶಶಿಧರನ ಫೋನು ಆಗಲೇ ಹೊಡೆದುಕೊಳ್ಳಲು ಶುರುವಾಗಿತ್ತು. ವಸ್ತಾರೆಯ ದ್ಯಾವಮ್ಮ. ಮೂರು ಎಕರೆ ರೊಬಸ್ಟಾ ಕಾಫಿ, ಗಂಡನಿಲ್ಲ, ತೋಟವೇ ಸರ್ವಸ್ವ.

"ಶಶಿ, ಮಗಾ, ನಮ್ಮಲ್ಲಿ ಬರೀ ಧೂಳು ಅಡಗಿದೆ. ಮೂವತ್ತು ಸೆಂಟ್ಸು ಆಗಿಲ್ಲ. ಫೋನಿಗೆ ಹಾಕಿದ್ರೆ ಅದು ಸುಮ್ನೆ ಗಿರಗಿರ ತಿರುಗ್ತದೆ."

"ಇನ್ನೊಂದು ಸಲ ನೋಡಿ ದ್ಯಾವಮ್ಮ. ಇಲ್ಲಿ ನಿರಂಜನ ಅದನ್ನೇ ಸರಿ ಮಾಡ್ತಾ ಇದಾನೆ."

"ಅದು ತಿರುಗೋದು ನಿಂತ್ರೆ ಸಾಕು ಮಗಾ. ಸ್ಪ್ರಿಂಕ್ಲರಿನ ಜೆಟ್ ತಿರುಗ್ಲಿ."

ಶಶಿಧರ್ ಒಳಗೆ ಬಂದಾಗ ನಿರಂಜನ ಡೇಟಾಬೇಸಿನಲ್ಲಿ ಆ ಕ್ಷಣಕ್ಕೆ ಯಾರ್ಯಾರು ಏನೇನು ಕೇಳುತ್ತಿದ್ದಾರೆ ಎಂಬ ಪಟ್ಟಿ ತೆರೆದು ಕೂತಿದ್ದ. ಮುಖದ ಬಣ್ಣ ಹೋಗಿತ್ತು. ಮರುಗಳಿಗೆಯೇ ತೊಡೆ ತಟ್ಟಿಕೊಂಡು ನಗತೊಡಗಿದ.

"ಸಿಕ್ಕಿತು! ತಪ್ಪು ನಂದೇ. ತೋಟಕ್ಕೊಬ್ಬ ಅಂತ ಲೆಕ್ಕ ಹಾಕಿ ಸರ್ವರ್ ಕೂರಿಸಿದ್ದೆ. ಮಳೆ ಹಾಕೋದು ಒಬ್ಬನೇ ಇರ್ಬಹುದು ಮಾರಾಯ, ಪಕ್ಕದ ತೋಟದ ಮಳೆ ನೋಡೋರು ಮನೆ ತುಂಬ! ಮಾಲೀಕ, ಮಾಲೀಕನ ಹೆಂಡ್ತಿ, ರೈಟರು, ಮೇಸ್ತ್ರಿ, ಸಕಲೇಶಪುರದ ಅಳಿಯ..."

ಶಶಿಧರನಿಗೆ ಅರ್ಥವಾದದ್ದು ಇಷ್ಟು. ಡೇಟಾಬೇಸ್ ಗೋಡೌನು, ಆ್ಯಪ್ ಸರ್ವರ್ ಅದರ ಕೌಂಟರು. ಮೂಟೆ ತಂದವರು ಬೆರಳೆಣಿಕೆ. "ಪಕ್ಕದವನು ಎಷ್ಟು ತಂದ?" ಎಂದು ಕೌಂಟರಿಗೆ ಮುತ್ತಿಕೊಂಡವರು ಊರಿಗೆ ಊರೇ. ಅವರೆಲ್ಲರಿಗೂ ಉತ್ತರ ಹುಡುಕಲು ಗೋಡೌನಿನವನು ಒಳಹೊರಗೆ ಓಡಾಡಿ ಸುಸ್ತಾಗಿದ್ದಾನೆ, ಮೂಟೆ ಹೊತ್ತವರು ಬಾಗಿಲಾಚೆಯೇ ನಿಂತಿದ್ದಾರೆ.

"ಹಾಗಾದ್ರೆ ನೋಡೋರನ್ನ ಓಡಿಸು."

"ಅದೇ ಮಾಡೋದು" ಎಂದು ನಿರಂಜನ ಬೇರೆ ತೋಟಗಳ ಮಳೆ ತೋರಿಸುವ ಪುಟವನ್ನು ಮುಚ್ಚಿಬಿಟ್ಟ. ಸರ್ವರು ನಿಟ್ಟುಸಿರು ಬಿಟ್ಟಂತೆ ಹಗುರಾಯಿತು. ಇಬ್ಬರೂ ಪರದೆಯನ್ನೇ ನೋಡುತ್ತ ಕೂತರು. ದ್ಯಾವಮ್ಮನ ಅಂಕಿ ಬಂತು, ಇಪ್ಪತ್ತೆಂಟು ಸೆಂಟ್ಸ್. ಅಷ್ಟೆ. ಮತ್ತೆ ಯಾರದೂ ಇಲ್ಲ.

ಬಂದದ್ದು ಫೋನು. ಇಬ್ಬರ ಮೊಬೈಲಿಗೂ, ಬಿಡುವಿಲ್ಲದೆ.

"ಏನ್ ನಿರಂಜನ್, ಪಕ್ಕದ ಎಸ್ಟೇಟಿಂದು ಕಾಣ್ತಾನೇ ಇಲ್ವಲ್ರೀ?"

"ನಿಮ್ದು ಹಾಕಿದ್ರಾ ಸಾರ್?"

"ಅವರದ್ದು ನೋಡದೆ ನಾನು ಹೇಗ್ರೀ ಹಾಕ್ಲಿ?"

ಕಳಸದಿಂದ ಇನ್ನೊಬ್ಬರು: "ನಮ್ದು ಇರ್ಲಿ ಬಿಡಿ ಮಾರಾಯ್ರೆ, ಹೊರನಾಡಲ್ಲಿ ಎಷ್ಟಂತೆ?"

ಈ ಸೀಮೆಯಲ್ಲಿ ಮಳೆ ನಿಂತ ಮೇಲೆ ಮಾತು ಶುರುವಾಗುವುದೇ "ನಿಮ್ಮಲ್ಲೆಷ್ಟು?" ಎಂದು. ಮೊದಲು ತನ್ನದನ್ನು ಬಿಟ್ಟುಕೊಟ್ಟವನು ಸೋತ ಹಾಗೆ. ನಿರಂಜನನ ಪ್ರೋಗ್ರಾಮು ಮೊದಲು ನಿಮ್ಮದು ಹೇಳಿ ಎನ್ನುತ್ತಿತ್ತು, ಅದೂ ಎದುರಿಗೆ ಏನೂ ಕೊಡದೆ.

ಬಿಸಿಲು ಹಳದಿಯಾಗತೊಡಗಿತು. ಬೆಳ್ಳಿಯಪ್ಪನವರು ಜೀಪಿನಿಂದಿಳಿದು ಬಾಗಿಲಲ್ಲಿ ಬಂದು ನಿಂತರು. "ಏನಾಯ್ತಪ್ಪ ನಿಮ್ಮ ಮಳೆ? ನೆಲಕ್ಕೆ ಬಿತ್ತು, ಕಂಪ್ಯೂಟರಿಗೆ ಬೀಳ್ಲಿಲ್ವಾ? ಶಶಿಧರ್, ಒಂದು ಪಂಪು ನಮ್ಮ ತೋಟಕ್ಕೆ ಬರ್ಕೊಳ್ಳಿ. ನಮ್ಮಲ್ಲೂ ಕಮ್ಮಿನೇ."

ನಿರಂಜನ ತಟ್ಟನೆ ಎದ್ದುನಿಂತ. ಅಧ್ಯಕ್ಷರ ಮಾತು ಅವನ ಕಿವಿಗೆ ಬಿದ್ದಿತೋ ಇಲ್ಲವೋ. "ಕೊಟ್ಟು ತಗೊಳ್ಳೋದು!" ಎಂದ. "ಶಶಿ, ತಮ್ಮ ಮಳೆ ಹಾಕಿದವರಿಗೆ ಮಾತ್ರ ಪಕ್ಕದವರ ಮಳೆ. ಹಾಕದವರಿಗೆ ಬಾಗಿಲು ಬಂದ್. ಅಷ್ಟೇ ಅಲ್ಲ, ಕೇಳಿದವರಿಗೆಲ್ಲ ಗೋಡೌನಿಗೆ ಓಡೋದೂ ಬೇಡ. ಆಗಾಗ ಒಂದು ಸಲ ಪಟ್ಟಿ ತಯಾರು ಮಾಡಿ ಕೌಂಟರಲ್ಲೇ ಅಂಟಿಸಿಡೋದು!"

"ಹಾಗಾದ್ರೆ ಹಾಕು ಬೇಗ, ಕತ್ತಲಾಗ್ತದೆ."

ನಿರಂಜನ ಕೂತ. ಕೂತವನು ಮೊದಲು ಮಾಡಿದ್ದು ಬ್ಯಾಕಪ್. ಶಶಿಧರನಿಗೆ ಮೈ ಉರಿಯಿತು.

"ಈಗ ಅದೊಂದು ಬೇಕಾ ನಿಂಗೆ?"

"ಅವಸರದಲ್ಲೇ ಬೇಕಾಗೋದು" ಎಂದ ನಿರಂಜನ. ಬಾಗಿಲಲ್ಲಿ ಅಧ್ಯಕ್ಷರು ವಾಚು ನೋಡುತ್ತಿದ್ದರು. ನಿರಂಜನ ನಾಲ್ಕು ಸಾಲು ಪ್ರೋಗ್ರಾಮು ಬರೆದು, ಅದನ್ನು ಮೂಲೆಯ ಹಳೇ ಮೆಷಿನ್ನಿನಲ್ಲಿ ಒಮ್ಮೆ ಓಡಿಸಿದ. ತಪ್ಪು ಹೇಳಿತು. ಬೈದುಕೊಂಡು ತಿದ್ದಿದ, ಮತ್ತೆ ಓಡಿಸಿದ. ಸರಿಹೋಯಿತು. ಆಮೇಲಷ್ಟೇ ನಿಜವಾದ ಸರ್ವರಿಗೆ ಹಾಕಿ, ಸದಸ್ಯರೆಲ್ಲರಿಗೂ ಒಂದು ಮೆಸೇಜು ಬಿಟ್ಟ: ನಿಮ್ಮ ಮಳೆ ಹಾಕಿ, ನೆರೆಯವರ ಮಳೆ ನೋಡಿ.

ಆಮೇಲಿನದನ್ನು ಶಶಿಧರ್ ಇವತ್ತಿಗೂ ಎಷ್ಟು ಸಲ ಹೇಳಿದರೂ ದಣಿಯುವುದಿಲ್ಲ. ಮೊದಲು ಹೊರನಾಡು, ಒಂದು ಇಂಚು ನಲವತ್ತು. ಅದರ ಹಿಂದೆಯೇ ಕಳಸದ ಐದಾರು ತೋಟ. ಆಮೇಲೆ ಹೆಂಚಿನ ಮೇಲೆ ಆಲಿಕಲ್ಲು ಬಿದ್ದ ಹಾಗೆ ಪಟಪಟ. ನಿರಂಜನ ಕುರ್ಚಿ ಹಿಂದಕ್ಕೆ ತಳ್ಳಿ ನಿಂತೇಬಿಟ್ಟ. "ನೋಡೋ, ಮಳೆ ನಡೆದ ದಾರಿ ಕಾಣ್ತದೆ! ಇಲ್ಲಿ ಹತ್ತಿತು, ಇಲ್ಲಿಳಿತು, ಅಗೋ, ವಸ್ತಾರೆ ಹತ್ರ ಬಂದು ಸುಸ್ತಾಯ್ತು!" ಅತ್ತಿಗುಂಡಿಯ ಒಬ್ಬರು ಸೊನ್ನೆ ಹಾಕಿದ್ದರು, ಪಕ್ಕದವರದ್ದು ನೋಡುವ ಆಸೆಗೇ ಹಾಕಿದ್ದೆಂದು ಇಬ್ಬರೂ ನಕ್ಕರು. ಅತ್ತಿಗುಂಡಿಯವರೆಲ್ಲರದೂ ಸೊನ್ನೆಯೇ ಬಂದಾಗ, ಅಲ್ಲಿ ಮಳೆಯೇ ಇಲ್ಲವೆಂದು ತಿಳಿದು ಸುಮ್ಮನಾದರು.

ಬೆಳ್ಳಿಯಪ್ಪನವರೂ ಕನ್ನಡಕ ಏರಿಸಿ ಪರದೆಗೆ ಬಾಗಿದರು. ನಿಧಾನವಾಗಿ ಕೆಳಗಿಳಿದ ಅವರ ಬೆರಳು ಒಂದು ಸಾಲಿನ ಮೇಲೆ ನಿಂತಿತು. ಅವರದೇ ಎಸ್ಟೇಟು. ಒಂದು ಇಂಚು ಹತ್ತು ಸೆಂಟ್ಸ್. ಹಾಕಿದವರು: ರೈಟರ್ ರಂಗನಾಥ.

ಬೆಳ್ಳಿಯಪ್ಪನವರು ಫೋನು ತೆಗೆದರು.

"ರಂಗನಾಥ, ಮಳೆ ಹಾಕು ಅಂತ ನಿನಗೆ ಯಾರೋ ಹೇಳಿದ್ದು?"

ಆ ಕಡೆಯ ದನಿ ಎಲ್ಲರಿಗೂ ಕೇಳುವಷ್ಟು ಉತ್ಸಾಹದಲ್ಲಿತ್ತು. "ಹಾಕದಿದ್ರೆ ಪಕ್ಕದವರದ್ದು ತೋರಿಸ್ತಿರ್ಲಿಲ್ಲ ಸಾರ್! ನಾವೇ ಮೇಲೆ ಸಾರ್! ಅವರದ್ದು ತೊಂಬತ್ತೇ!"

ಬೆಳ್ಳಿಯಪ್ಪನವರ ಮೀಸೆ ಅದುರಿತು. ಸಿಟ್ಟಿನಿಂದಲೋ ನಗು ತಡೆದೋ ಹೇಳುವುದು ಕಷ್ಟ. "ತೊಂಬತ್ತೇನಾ?" ಎಂದರು. ಆಮೇಲೆ ಫೋನು ಕಿಸೆಗಿಟ್ಟು, "ಶಶಿಧರ್, ನಮ್ಮ ಹೆಸರು ಹೊಡೆದುಹಾಕಿ. ವಸ್ತಾರೆಯಲ್ಲಿ ಯಾರಿಗೆ ಕಮ್ಮಿ?"

ಶಶಿಧರ್ ಪಿಕಪ್ ಹತ್ತಿದಾಗ ನಿರಂಜನನೂ ಪೈಪುಗಳ ಪಕ್ಕಕ್ಕೆ ಹಾರಿ ಕೂತ. ಸರ್ವರಿನವನಿಗೆ ತೋಟದಲ್ಲೇನು ಕೆಲಸ ಎಂದರೆ ಕೇಳಬೇಕಲ್ಲ. ವಸ್ತಾರೆ ಮುಟ್ಟುವಾಗ ಇನ್ನೂ ಬೆಳಕಿತ್ತು. ದ್ಯಾವಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಕೆರೆಯ ಏರಿ ಮೇಲೆ ಕಾಯುತ್ತಿದ್ದರು. ಪೈಪು ಜೋಡಿಸುವಾಗ ನಿರಂಜನನೂ ಹೆಗಲು ಕೊಟ್ಟ, ಎರಡು ಕಡೆ ತಪ್ಪು ಜೋಡಿಸಿ ಬೈಸಿಕೊಂಡ. ಪಂಪು ಗುಡುಗಿತು. ಜೆಟ್ ಒಮ್ಮೆ ಕೆಮ್ಮಿ, ಆಮೇಲೆ ಉದ್ದಕ್ಕೆ ಚಿಮ್ಮಿ ತಿರುಗತೊಡಗಿತು. ನಿರಂಜನ ಅದರ ದಾರಿಯಲ್ಲೇ ಕೈ ಅಗಲಿಸಿ ನಿಂತು ಪೂರ್ತಿ ತೊಯ್ದ.

"ಸ್ವಾಮಿ, ಈ ಮಳೆನೂ ಫೋನಿಗೆ ಹಾಕ್ಬೇಕಾ?" ದ್ಯಾವಮ್ಮ ಕೂಗಿ ಕೇಳಿದರು.

"ಬೇಡ ದ್ಯಾವಮ್ಮ, ಇದು ಬೆಳ್ಳಿಯಪ್ಪನವರ ಮಳೆ!"

ದ್ಯಾವಮ್ಮ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕರು.

ವಾರ ಕಳೆದು ಎರಡು ದಿನಕ್ಕೆ ಆ ಮೂರು ಎಕರೆ ಬೆಳ್ಳಗೆ ಅರಳಿತು. ದ್ಯಾವಮ್ಮ ಫೋನು ಮಾಡಿ ಇಬ್ಬರನ್ನೂ ಕರೆದರು. ನಿರಂಜನ ಹೋದ. ಅಷ್ಟು ಮಾತಿನವನು, ಅವತ್ತು ಸಾಲುಗಳ ನಡುವೆ ಜೇನಿನ ಝೇಂಕಾರ ಕೇಳುತ್ತ ಬಹಳ ಹೊತ್ತು ಸುಮ್ಮನೆ ನಡೆದಾಡಿದ. ಅವನು ನೋಡಿದ ಕೊನೆಯ ಹೂವು ಅದು. ಸಂಘದಲ್ಲಿ ಪಂಪು ಹೊರಡುವುದು ಈಗಲೂ ಮಳೆಯ ಲೆಕ್ಕದ ಮೇಲೆಯೇ.