ಬಚ್ಚಲ ಕಲ್ಲಿನ ಮೇಲೊಂದು ಹುದ್ದೆ

ಹೋದ ವಾರ ನಾನು ಒಬ್ಬ ಮ್ಯಾನೇಜರರ ಹೆಸರಿನ ಮೇಲೆ ನಿಂತು ಕಾಲು ತೊಳೆದೆ.

ಬೇಕೆಂದು ಮಾಡಿದ್ದಲ್ಲ. ಚಿತ್ತಾಪುರದ ಶಿವಶರಣಪ್ಪನವರ ಮನೆಗೆ ಹೋಗಿದ್ದೆ. ಬಂದವರಿಗೆ ಮೊದಲು ಕಾಲಿಗೆ ನೀರು, ಆಮೇಲೆ ಕುಡಿಯಲು ನೀರು. ಆ ಮನೆಯಲ್ಲಿ ಇವತ್ತಿಗೂ ಇದೇ ಪದ್ಧತಿ. ಅವರ ಹೆಂಡತಿ ನೀಲಮ್ಮ ತಂಬಿಗೆ ಕೊಟ್ಟು ಹಿತ್ತಲಿನ ಬಚ್ಚಲು ತೋರಿಸಿದರು. ಕೆಳಗೆ ಹಾಸಿದ್ದು ಶಹಾಬಾದಿನ ಕಲ್ಲು. (ನಮ್ಮ ಕಡೆ ಇನ್ನೇನು ಹಾಸುತ್ತಾರೆ?) ನೀರು ಹರಿದಂತೆ ಕಾಲಡಿಯಲ್ಲಿ ಅಕ್ಷರ ಕಂಡವು. ಹಿಂದೆ ಸರಿದು ಓದಿದೆ. ‘ಶಿವಶರಣಪ್ಪ, ಮ್ಯಾನೇಜರ್, ಡಿಸ್ಪ್ಯಾಚ್.’

ಶಿವಶರಣಪ್ಪ ಯಾವತ್ತೂ ಮ್ಯಾನೇಜರ್ ಆಗಿರಲಿಲ್ಲ. ನನಗಿಂತ ಚೆನ್ನಾಗಿ ಅದು ಯಾರಿಗೆ ಗೊತ್ತು? ಅವರ ಮ್ಯಾನೇಜರ್ ನಾನೇ ಆಗಿದ್ದೆ.

ಈ ಅಂಕಣದ ಹೊಸ ಓದುಗರಿಗಾಗಿ ಒಂದು ಮಾತು. ವಾಡಿ ಹತ್ತಿರದ ಒಂದು ಸಿಮೆಂಟ್ ಫ್ಯಾಕ್ಟರಿಯಲ್ಲಿ ನಾನು ಡಿಸ್ಪ್ಯಾಚ್ ಮ್ಯಾನೇಜರ್ ಆಗಿದ್ದವನು. ರಿಟೈರ್ ಆಗಿ ಐದು ವರ್ಷ. ಸಿಮೆಂಟ್ ಚೀಲಗಳನ್ನು ರೈಲಿಗೆ ತುಂಬಿ ಕಳಿಸುವುದು ನಮ್ಮ ಸೆಕ್ಷನ್ನಿನ ಕೆಲಸ. ಶಿವಶರಣಪ್ಪ ನನ್ನ ಅಸಿಸ್ಟೆಂಟ್. ಅಂದರೆ, ಕುರ್ಚಿ ನನ್ನದು, ಕೆಲಸ ಅವರದು.

ಉತ್ಪ್ರೇಕ್ಷೆ ಅಂದುಕೊಂಡಿರಾ? ಗೂಡ್ಸ್ ರೈಲು ಬಂದು ನಿಂತರೆ ಕೆಲವೇ ತಾಸಿನಲ್ಲಿ ತುಂಬಿ ಬಿಡಬೇಕು. ಒಮ್ಮೆ ಮಳೆಗಾಲದಲ್ಲಿ, ರೈಲು ಅರ್ಧ ತುಂಬಿದಾಗ ಚೀಲ ಸಾಗಿಸುವ ಬೆಲ್ಟು ಹರಿಯಿತು. ನಾನು ಫೋನ್ ಹಿಡಿದು ಮೇಲಿನವರನ್ನು ‘ಏನು ಮಾಡಲಿ’ ಎಂದು ಕೇಳುತ್ತಿದ್ದೆ. ನನ್ನ ಮಾತು ಮುಗಿಯುವಷ್ಟರಲ್ಲಿ ಶಿವಶರಣಪ್ಪ ಹಮಾಲರನ್ನು ಎರಡು ಸಾಲು ಮಾಡಿ, ಕೈಯಿಂದ ಕೈಗೆ ಚೀಲ ದಾಟಿಸಿ, ಕೆಲಸ ಶುರು ಮಾಡಿಸಿದ್ದರು. ಯಾವ ಹಮಾಲನಿಗೆ ಸೊಂಟನೋವು, ಯಾರ ಮನೆಯಲ್ಲಿ ಮದುವೆ, ಅವರಿಗೆ ಬಾಯಿಪಾಠ. ರಂಜಾನ್ ಬಂದರೆ ರೋಜಾ ಇದ್ದವರಿಗೆ ತಪ್ಪದೆ ಬೆಳಗಿನ ಪಾಳಿ. ಇದನ್ನೆಲ್ಲ ಅವರಿಗೆ ಯಾರು ಕಲಿಸಿದರು? ನಾನಂತೂ ಅಲ್ಲ.

ಬೆಲ್ಟು ಹರಿದ ದಿನದ ರಿಪೋರ್ಟಿನಲ್ಲಿ ಮಾತ್ರ ನಾನು ‘ತಕ್ಷಣ ಕ್ರಮ ಕೈಗೊಂಡೆ’ ಎಂದು ಬರೆದೆ. (ಟೈಪ್ ಮಾಡಿದ್ದೂ ಅವರೇ.)

ಈಗ ನಾನು ಚಿತ್ತಾಪುರಕ್ಕೆ ಹೋದ ಕಾರಣಕ್ಕೆ ಬರುತ್ತೇನೆ. ಸೇಡಂನ ಒಂದು ಕಾಲೇಜಿನವರು ಬಿಬಿಎ ಹುಡುಗರಿಗೆ ಭಾಷಣ ಮಾಡಿ ಎಂದು ಕರೆದಿದ್ದರು. ವಿಷಯ, ‘ಮ್ಯಾನೇಜರ್ ಆಗಿ ಬೆಳೆಯುವುದು ಹೇಗೆ?’ ಒಪ್ಪಿಕೊಂಡೆ. ಬರೆಯಲು ಕೂತರೆ ಒಂದು ಸಾಲೂ ಮುಂದೆ ಹೋಗಲಿಲ್ಲ. ಆಗ ಏನು ಮಾಡಿದೆ? ಇಪ್ಪತ್ತು ವರ್ಷ ಮಾಡಿದ್ದನ್ನೇ ಮಾಡಿದೆ. ಶಿವಶರಣಪ್ಪನವರನ್ನು ಕೇಳೋಣ ಅಂತ ಬಸ್ಸು ಹತ್ತಿದೆ.

ಒದ್ದೆ ಕಾಲಲ್ಲಿ ಕಲ್ಲು ನೋಡುತ್ತಾ ನಿಂತಿದ್ದ ನನ್ನನ್ನು ಕಂಡು ನೀಲಮ್ಮ ನಕ್ಕರು.

“ಅಯ್ಯ, ಅದನ್ನೇನ್ ನೋಡ್ತೀರಿ ಅಣ್ಣಾರ. ಅಕ್ಷರ ಕೆಳಗ ಮಾಡಿ ಮಕಾಡಿ ಹಾಕಿದ್ದೆವು. ಮೊನ್ನೆ ಪೈಪ್ ಹಾಕ್ಲಿಕ್ಕ ಗೌಂಡಿ ಕಿತ್ತಿದ್ದ, ತಿರುವಿ ಹಾಕಿ ಹೋಗ್ಯಾನ.”

“ಯಾವಾಗ ಕೆತ್ತಿಸಿದ್ದು?” ಎಂದೆ.

“ಸೇಡಂ ಕಡಿ ನಿಮ್ಮ ಕಂಪನಿದೇ ಹೊಸ ಪ್ಲಾಂಟ್ ಆಯ್ತಲ್ಲ, ಇವರು ಅಲ್ಲಿ ಮ್ಯಾನೇಜರ್ ಆಗೋದು ಪಕ್ಕಾ ಅಂತ ಎಲ್ಲಾರೂ ಅಂದ್ರು. ನಮ್ಮ ತಮ್ಮಂದು ಶಹಾಬಾದದಾಗ ಪಾಲಿಶ್ ಮಷಿನ್ ಅದ. ಖುಷೀಲೆ ಕೆತ್ತಿಸಿ ತಂದುಬಿಟ್ಟ. ಆಮ್ಯಾಲ ಯಾರೋ ವಶೀಲಿ ಹಚ್ಚಿದ್ರು, ಆ ಜಾಗಾ ಬ್ಯಾರೆಯವರಿಗಿ ಹೋಯ್ತು. ನೀವು ಇವರ ಸಲುವಾಗಿ ಮ್ಯಾಲಿನೋರ ಕೂಡ ಎಷ್ಟು ಜಗಳಾಡಿದ್ರಿ ಅಂತ ಇವರು ಹೇಳ್ಯಾರ. ನಾವೇನ್ ಮರತಿಲ್ಲರಿ.”

ನಾನು ಜಗಳಾಡಿದ್ದೆನೇ? ತಂಬಿಗೆ ಕೈಯಲ್ಲೇ ಉಳಿಯಿತು.

ನಡೆದದ್ದು ಇಷ್ಟು. ಸೇಡಂ ಹುದ್ದೆಗೆ ಅವರ ಹೆಸರು ಬಂದಾಗ ಆಫೀಸು ನನ್ನ ಗುಪ್ತ ಅಭಿಪ್ರಾಯ ಕೇಳಿತು. ಶಿವಶರಣಪ್ಪ ಹೋದರೆ ನನ್ನ ಗತಿ? ನನಗೆ ಹೆದರಿಕೆಯಾಯಿತು. ಕೈಯಾರೆ ಬರೆದೆ. ‘ಪ್ರಾಮಾಣಿಕರು, ಶ್ರಮಜೀವಿ. ಇವರಿಲ್ಲದೆ ನಮ್ಮ ಸೆಕ್ಷನ್ ನಡೆಯದು.’ ಅಷ್ಟಕ್ಕೇ ನಿಲ್ಲಿಸಿದ್ದರೆ ಸ್ವಾರ್ಥಿ ಅನ್ನಿಸಿಕೊಳ್ಳುತ್ತಿದ್ದೆ, ಅಷ್ಟೇ. ಇನ್ನೊಂದು ಸಾಲು ಸೇರಿಸಿದೆ. ‘ಸ್ವತಂತ್ರವಾಗಿ ನಿರ್ಧಾರ ತೆಗೆದುಕೊಳ್ಳುವುದನ್ನು ಇನ್ನೂ ಕಲಿಯಬೇಕಿದೆ.’

ಯಾರ ಬಗ್ಗೆ ಬರೆದೆ ನೋಡಿ. ನಾನು ಫೋನ್ ಹಿಡಿದು ನಿಂತಿದ್ದಾಗ ರೈಲು ತುಂಬಿಸಿದವರ ಬಗ್ಗೆ.

ಲಕೋಟೆ ಅಂಟಿಸಿ, ನಾನೇ ಹೋಗಿ ಕೊಟ್ಟು ಬಂದೆ. ಮುಂದೆ ಎರಡು ಸಲ ಅವರ ಹೆಸರು ಬೇರೆ ಹುದ್ದೆಗಳಿಗೆ ಬಂತು. ಎರಡು ಸಲವೂ ಫೈಲಿನಲ್ಲಿದ್ದ ಆ ಸಾಲು ಓದಿ ಕೈಬಿಟ್ಟರು. ಆ ಸಾಲನ್ನು ತೆಗೆಸಬಹುದಿತ್ತು. ತೆಗೆಸಲಿಲ್ಲ. ಅಸಿಸ್ಟೆಂಟ್ ಆಗಿಯೇ ಅವರು ರಿಟೈರ್ ಆದರು. ಬೀಳ್ಕೊಡುಗೆಗೆ ನನ್ನನ್ನೂ ಕರೆದಿದ್ದರು. ಶಾಲು ಹೊದಿಸಿ, ‘ಇವರೇ ನಿಜವಾದ ಮ್ಯಾನೇಜರ್’ ಎಂದು ಮೈಕಿನಲ್ಲಿ ಹೇಳಿ ಚಪ್ಪಾಳೆ ಗಿಟ್ಟಿಸಿದವನೂ ನಾನೇ. ಮಾತಾಡಲು ನಮಗೇನು ಖರ್ಚು?

ಊಟಕ್ಕೆ ಬಿಸಿ ಜೋಳದ ರೊಟ್ಟಿ, ಪುಂಡಿ ಪಲ್ಯ. ನೀಲಮ್ಮ ಬಡಿದು ಬಡಿದು ಹಾಕಿದರು. “ಭಾನುವಾರ ಪೇಪರ್ ಬಂದ್ರ ಮೊದ್ಲ ನಿಮ್ದು ಓದ್ತೀನ್ರಿ ಅಣ್ಣಾರ, ಆಮ್ಯಾಲ ಚಹಾಕ್ಕಿಡ್ತೀನಿ,” ಎಂದರು. ಇನ್ನೊಂದು ರೊಟ್ಟಿ ಹಾಕಿದರು. ಅದನ್ನೂ ತಿಂದೆ.

ಊಟವಾದ ಮೇಲೆ ಹೊರಗಿನ ಕಟ್ಟೆಗೆ ಬಂದು ಕೂತೆವು, ನಾವಿಬ್ಬರೇ. ಭಾಷಣದ ಹಾಳೆ ಜೇಬಿನಲ್ಲೇ ಇತ್ತು. ಅದನ್ನು ತೆಗೆಯಲಿಲ್ಲ.

“ಶಿವಶರಣಪ್ಪ, ಸೇಡಂ ಪೋಸ್ಟ್ ತಪ್ಪಿಸಿದ್ದು ನಾನು,” ಎಂದೆ.

ಅವರು ಎಲೆಗೆ ಸುಣ್ಣ ಹಚ್ಚುತ್ತಿದ್ದರು. ಕೈ ನಿಲ್ಲಲಿಲ್ಲ.

“ಗೊತ್ತದ್ರಿ ಸಾಹೇಬ್ರ.”

“ಹ್ಯಾಂಗ?”

“ನಿಮ್ಮ ಮೇಲ್ ಯಾರ್ ತೆರೀತಿದ್ರು?”

ಅವರೇ. ನಾನು ಕೊನೆಯವರೆಗೂ ಕಂಪ್ಯೂಟರ್ ಕಲಿಯಲಿಲ್ಲ. ಪಾಸ್‌ವರ್ಡ್ ಕೂಡ ಅವರ ಹತ್ತಿರವೇ ಇತ್ತು. ನಾನು ಲಕೋಟೆಯಲ್ಲಿ ಕೊಟ್ಟ ಕಾಗದವನ್ನು ಆಫೀಸಿನವರು ಸ್ಕ್ಯಾನ್ ಮಾಡಿ, ‘ಇದು ನಿಮ್ಮದೇ ಅಭಿಪ್ರಾಯ ತಾನೇ, ಖಾತ್ರಿಪಡಿಸಿ’ ಎಂದು ನನ್ನ ಮೇಲ್‌ಗೆ ಕಳಿಸಿದ್ದರಂತೆ.

“ಓದಿದೆ. ನಿಮ್ಮ ಅಕ್ಷರ ಗುರ್ತು ಸಿಗಲ್ದ ಇರ್ತದೇನು? ಹೌದು ಅಂತ ಒತ್ತಿ ಕಳಿಸಿದೆ. ಒಂದೂ ಮೇಲ್ ಬಾಕಿ ಇಡಬ್ಯಾಡ ಅಂತ ನೀವೇ ಹೇಳಿದ್ರಲ್ಲ.”

ತಮ್ಮ ಕುತ್ತಿಗೆಗೆ ನಾನು ಬಿಗಿದ ಹಗ್ಗದ ಗಂಟನ್ನು ಅವರೇ ಸರಿಮಾಡಿ ಕಳಿಸಿದ್ದರು. ಮರುದಿನ ಎಂದಿನಂತೆ ಬಂದು, ನನ್ನ ಟೇಬಲ್ ಮೇಲೆ ಲೋಡಿಂಗ್ ಶೀಟ್ ಇಟ್ಟಿದ್ದರು. ನಾನು ಸಹಿ ಹಾಕಿದ್ದೆ. ಅವರ ಮುಖ ನೋಡಿದ ನೆನಪೂ ನನಗಿಲ್ಲ.

“ಯಾಕ ಕೇಳಲಿಲ್ಲ ನನ್ನ?”

“ಕೇಳಿದ್ರ ನೀವು ಸುಳ್ಳ ಹೇಳ್ತಿದ್ರಿ. ಸುಳ್ಳ ಹೇಳಿದ ಮ್ಯಾಲ ನಿಮ್ಮ ಕೂಡ ಕೆಲಸ ಮಾಡ್ಲಿಕ್ಕ ನನಗ ಆಗ್ತಿದ್ದಿಲ್ಲ.”

ಆಮೇಲೆ ಒಳಗೆ ಇಣುಕಿ ನೋಡಿ, ದನಿ ತಗ್ಗಿಸಿದರು. “ಆಕಿ ಮುಂದ ಹೇಳಬ್ಯಾಡ್ರಿ. ನೀವು ಮನಿಗಿ ಬಂದು ಹೋಗಿ ಮಾಡೋರು. ಮನಸ್ಸಿನಾಗ ಇಟಗೋತಾಳ ಅಂತ ನಾನೇ ವಶೀಲಿ ಕಥಿ ಕಟ್ಟೀನಿ.”

ಕ್ಷಮಿಸಿ ಎಂದೆ. “ಇರ್ಲಿ ಬಿಡ್ರಿ, ಎಲಿ ಹಾಕ್ರಿ,” ಎಂದರು. ಅದು ಕ್ಷಮೆಯೋ, ಅಲ್ಲವೋ? ನನಗೆ ಇನ್ನೂ ತಿಳಿದಿಲ್ಲ.

ಸೇಡಂ ಭಾಷಣಕ್ಕೆ ಹೋದೆ. ಹೆಸರು ಹೇಳದೆ ಇದೇ ಕಥೆ ಹೇಳಿದೆ. ಬೇರೆ ಏನೂ ನನ್ನ ಹತ್ತಿರ ಇರಲಿಲ್ಲ. ಮ್ಯಾನೇಜರ್ ಆಗಬೇಕೆನ್ನುವವರು ಮೊದಲು ತಮ್ಮ ಕೆಳಗಿನವರನ್ನು ಮೇಲೆ ಕಳಿಸಲು ಕಲಿಯಿರಿ, ಅವರು ಹೋದ ಮೇಲೂ ನಡೆಯುವಂತೆ ಸೆಕ್ಷನ್ ಕಟ್ಟಿರಿ ಎಂದೆ. ಕೊನೆಗೆ ಚಿಂಚೋಳಿ ಕಡೆಯ ಒಬ್ಬ ಹುಡುಗಿ ಎದ್ದು ನಿಂತಳು.

“ಕರಿಯರ್ ಪ್ಲಾನ್ ಮಾಡ್ರಿ ಅಂತ ಎಲ್ಲಾರೂ ಹೇಳ್ತಾರ ಸರ್. ನಾವೆಲ್ಲಾ ಕಲ್ತು, ಎಲ್ಲಾ ಛಲೋ ಮಾಡಿದ್ರೂ, ಮ್ಯಾಲ ನಿಮ್ಮಂಥವರು ಕುಂತಿದ್ರ ಏನ್ ಮಾಡಬೇಕ್ರಿ?”

ಪ್ರಿನ್ಸಿಪಾಲರು ಕೆಮ್ಮಿದರು. ನಾನು ನೀರು ಕುಡಿದೆ. ಉತ್ತರ ನಿಮ್ಮಲ್ಲಿ ಯಾರಿಗಾದರೂ ಗೊತ್ತಿದ್ದರೆ ಆ ಹುಡುಗಿಗೆ ಹೇಳಿ.

ವಾಪಸು ಬರುವ ದಾರಿಯಲ್ಲೇ ಶಿವಶರಣಪ್ಪನವರಿಗೆ ಫೋನ್ ಮಾಡಿದೆ. ಇದನ್ನು ಪೇಪರಿನಲ್ಲಿ ಬರೆಯಬೇಕೆಂದಿದ್ದೇನೆ, ನಿಮ್ಮ ಹೆಸರು ಹಾಕಿಯೇ ಬರೆಯಬೇಕು, ಆದರೆ ನೀವು ಬೇಡ ಅಂದರೆ ಇಲ್ಲ ಎಂದೆ. ನೀಲಮ್ಮ ಓದುತ್ತಾರೆ ಎನ್ನುವುದು ಇಬ್ಬರಿಗೂ ಗೊತ್ತಿತ್ತು.

“ಈ ಸಲ ಕೇಳಿದ್ರಲ್ಲ ಸಾಹೇಬ್ರ,” ಎಂದರು. “ಬರೀರಿ.”

ಬರೆದಿದ್ದೇನೆ. ನೀಲಮ್ಮ, ನೀವಿನ್ನೂ ಚಹಾಕ್ಕೆ ಇಟ್ಟಿರಲಿಕ್ಕಿಲ್ಲ. ನನಗಾಗಿ ಯಾರೂ ವಶೀಲಿ ಹಚ್ಚಬೇಕಿಲ್ಲ, ನೀವೇ ಹೇಳಿ. ಮುಂದಿನ ಸಲ ಬಾಗಿಲಿಗೆ ಬಂದರೆ ಕಾಲಿಗೆ ನೀರು ಕೊಡುತ್ತೀರಾ?